ಅತ್ತೆಯನ್ನು ಕಳಿಸಲು ತಂದ ಕಾರು

ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆದದ್ದು ತೌಡಿನ ವಾಸನೆ. ಬಿಸಿಲಿಗೆ ಕಾದ ರೆಕ್ಸಿನ್ನಿನದು ಮೇಲೆ, ಡೀಸೆಲ್ಲಿನದು ಅದರಡಿ, ಎಲ್ಲಕ್ಕೂ ತಳದಲ್ಲಿ ಹಳೆಯ ಅಕ್ಕಿ ತೌಡಿನ ಹುಳಿ ಬೆರೆತ ಸಿಹಿ. ಸಿಂಧನೂರಿನಲ್ಲಿ ಕೊಂಡ ಹಳೆಯ ಕಾರಿಗೆ ಈ ವಾಸನೆ ಇದ್ದರೆ ಅದರಲ್ಲಿ ವಿಶೇಷವೇನೂ ಇಲ್ಲ. ಮಾರಿದವರು ರೈಸ್ ಮಿಲ್ಲಿನವರು, ಹಿಂದಿನ ಸೀಟು ಮಡಚಿ ಚೀಲ ಹಾಕಿಕೊಂಡು ಓಡಾಡಿದವರು. ನಾನು ಕಾಲಡಿಯ ಮ್ಯಾಟುಗಳನ್ನು ಎಳೆದು ಅಕ್ಕನ ಮನೆಯ ಕಾಂಪೌಂಡ್ ಗೋಡೆಗೆ ಬಡಿಯತೊಡಗಿದೆ. ಒಂದೊಂದು ಏಟಿಗೂ ಬೂದುಬಣ್ಣದ ಧೂಳು ಮುಖಕ್ಕೆ ರಾಚುತ್ತಿತ್ತು. ಬಡಿಯುತ್ತ ಬಡಿಯುತ್ತ ಕೈ ತಾನಾಗಿ ನಿಂತಿತು. ತೌಡಿನ ವಾಸನೆ, ಬೆಳಗಿನ ಬಿಸಿಲು, ಏನನ್ನೋ ಬಡಿಯುವ ಸಪ್ಪಳ. ಇವೆಲ್ಲ ಒಟ್ಟಿಗೆ ಇದ್ದ ಇನ್ನೊಂದು ಅಂಗಳ ನನಗೆ ಗೊತ್ತಿತ್ತು. ಅಲ್ಲಿಯೂ ಒಂದು ಹಳೆಯ ಕಾರು ದೂರದ ದಾರಿಗೆ ಸಿಂಗರಿಸಿಕೊಂಡು ನಿಂತಿತ್ತು.

ನಾನಿರುವುದು ಬೆಳಗಾವಿಯಲ್ಲಿ, ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಅಕ್ಕ ನೀಲಮ್ಮ ಸಿಂಧನೂರಿನಲ್ಲಿದ್ದಾಳೆ. ನಮ್ಮ ಅಪ್ಪನ ತಂಗಿ ಗಂಗತ್ತೆ, ನಾವು ಹುಟ್ಟಿ ಬೆಳೆದ ಮಸ್ಕಿಯ ಮನೆ ಮುಗಿದ ಮೇಲೆ, ಅಕ್ಕನ ಹತ್ತಿರವೇ ಉಳಿದಿದ್ದಳು. ಈಗ ಅಕ್ಕನ ಮೊಣಕಾಲಿನ ಆಪರೇಷನ್ ನಿಶ್ಚಯವಾಗಿ, ಎಂಬತ್ತು ದಾಟಿದ ಅತ್ತೆಯನ್ನು ನಾನು ನನ್ನ ಮನೆಗೆ ಕರೆದೊಯ್ಯಬೇಕಿತ್ತು. ಬಸ್ಸಿನಲ್ಲಿ ಅಷ್ಟು ದೂರ ಕೂರಲು ಅವಳ ಸೊಂಟ ಒಪ್ಪದು, ಅದಕ್ಕಾಗಿಯೇ ಈ ಕಾರು. ಆದರೆ ಕೊಂಡ ಗಳಿಗೆಯಿಂದ ನನಗೆ ಒಂದೇ ಅಂಜಿಕೆ: ಅತ್ತೆ ಕಾರು ಹತ್ತುತ್ತಾಳೆಯೇ? ನಾನು ಸಣ್ಣವನಿದ್ದಾಗ, ಮಸ್ಕಿಯ ಅಂಗಳದಲ್ಲಿ, ಅವಳು ಒನಕೆ ಎತ್ತಿ ಕಾರಿನ ಮುಂದಿನ ಗಾಜು ಒಡೆದದ್ದನ್ನು ಕಣ್ಣಾರೆ ಕಂಡಿದ್ದೆ. ಆಮೇಲೆ ಅವಳು ಕಾರಿನಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಮದುವೆಗೆ, ಜವಳಕ್ಕೆ ಎಲ್ಲ ಬಸ್ಸು, ಇಲ್ಲವೆ ಟಂಟಂ ರಿಕ್ಷಾ. ಹಾಗಾಗಿ ಎಂಜಿನ್ ಆಯಿಲ್ ಬದಲಿಸಿ, ಬ್ರೇಕು ತೋರಿಸಿ, ಸ್ಟೆಪ್ನಿಗೆ ಗಾಳಿ ತುಂಬಿಸಿ ಆದಮೇಲೂ ಸಮಾಧಾನವಿಲ್ಲದೆ ಕಾರಿನ ಸುತ್ತ ಸುತ್ತುತ್ತಿದ್ದೆ. ಗಾಜನ್ನು ಒರೆಸಿದ್ದನ್ನೇ ಒರೆಸುತ್ತಿದ್ದೆ. ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ನೋಡುತ್ತಿದ್ದಳು.

"ಲೇ ಬಸ್ಯಾ, ಅದರ ತೊಗಲು ಸುಲೀತಿಯೇನು? ನಾಳೆ ಹೋಗೂದೈತಿ. ಇವತ್ತ ಸಾಯಸಬ್ಯಾಡ ಅದನ್ನ."

ಮಸ್ಕಿಯ ಮನೆಯನ್ನು ನೀವು ನೋಡಿರಲಾರಿರಿ, ಆದರೆ ಅಂಥ ಮನೆ ನಿಮಗೂ ಒಂದು ಇದ್ದಿರಬಹುದು. ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಹಿತ್ತಲಲ್ಲಿ ನಿಂತರೆ ಬೆಟ್ಟದ ಬಂಡೆಗಳು. ಪಡಸಾಲೆಯ ಬಲಕ್ಕೆ ಕಾಳಿನ ಕೋಣೆ. ಜೋಳ, ಕಡಲೆ, ತೊಗರಿಯ ಚೀಲಗಳು ಮಾಳಿಗೆ ಮುಟ್ಟುವಂತೆ ಒಟ್ಟಿರುತ್ತಿದ್ದವು, ಒಳಗೆ ಹೋದರೆ ಮಧ್ಯಾಹ್ನವೂ ಕತ್ತಲು, ಉಸಿರಿಗೆಲ್ಲ ಕಾಳಿನ ಹುಡಿ. ಅಪ್ಪನದು ರೈತರ ಕಾಳು ಮಾರಿಸಿಕೊಡುವ ಅಡತಿ ಅಂಗಡಿ. ಆ ಮನೆಯಲ್ಲಿ ಎಲ್ಲವೂ ಬಡಿತದಿಂದಲೇ ನಡೆಯುತ್ತಿತ್ತು ಎಂದು ಈಗ ಅನಿಸುತ್ತದೆ. ಬೆಳಗಾಗುತ್ತಲೇ ಅವ್ವ ರೊಟ್ಟಿ ಬಡಿಯುವ ಸಪ್ಪಳ, ಹಿತ್ತಲಲ್ಲಿ ಒಗೆಯುವ ಕಲ್ಲಿನ ಸಪ್ಪಳ, ಹಮಾಲರು ಚೀಲ ನೆಲಕ್ಕೆ ಕೆಡವುವ ಸಪ್ಪಳ, ಒರಳಿಗೆ ಒನಕೆ ಬೀಳುವ ಸಪ್ಪಳ. ಇವೆಲ್ಲದರ ನಡುವೆ ಅಪ್ಪನ ಕೈ. ಬಿಸಿ ಹೆಚ್ಚಾದ ಚಹಾದ ಕಪ್ಪು ಗೋಡೆಗೆ ಹೋಗುತ್ತಿತ್ತು, ತೂಕ ತಪ್ಪಿದ ಹಮಾಲನ ಕಪಾಳಕ್ಕೆ ಅಂಗೈ ಬೀಳುತ್ತಿತ್ತು, ಅಕ್ಷರ ತಪ್ಪಿದ ನನ್ನ ಬೆನ್ನಿಗೆ ಸ್ಲೇಟಿನ ಚೌಕಟ್ಟು ಬೀಳುತ್ತಿತ್ತು. ಎತ್ತುಗಳನ್ನು ಮಾರಿ ಎಷ್ಟೋ ಕಾಲವಾಗಿದ್ದರೂ ಬಾರಕೋಲು ಮಾತ್ರ ಪಡಸಾಲೆಯ ಗೂಟಕ್ಕೆ ನೇತಾಡುತ್ತಲೇ ಇತ್ತು. ಅಪ್ಪನ ಚಪ್ಪಲಿಯ ಕಿರುಗುಟ್ಟುವಿಕೆ ಓಣಿಯ ತಿರುವಿನಲ್ಲಿ ಕೇಳಿಸಿದರೆ ಮನೆಯೊಳಗೆ ಅರ್ಧ ಆಡಿದ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಅವನಿಗೆ ಎದುರು ನಿಲ್ಲಬಲ್ಲವಳು ಒಬ್ಬಳೇ, ಅವನ ತಾಯಿ, ನಮ್ಮ ಆಯಿ. ಅವಳು ಕೈ ಎತ್ತುತ್ತಿರಲಿಲ್ಲ, ಶಕುನ ಹೇಳುತ್ತಿದ್ದಳು. ಬೆಕ್ಕು ಅಡ್ಡ ಬಂದಿತೆಂದರೆ ಅಪ್ಪನಂಥ ಅಪ್ಪ ಸಿಂಧನೂರಿನ ಸಂತೆಗೆ ಹೊರಟವನು ಮರಳಿ ಬಂದು ನೀರು ಕುಡಿದು ಕೂಡಬೇಕಾಗುತ್ತಿತ್ತು.

ಅತ್ತೆಯನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದರು. ಅವಳು ಒಂದು ಮಧ್ಯಾಹ್ನ ಒಬ್ಬಳೇ ಬಸ್ಸಿಳಿದು ಬಂದಳು. ಬಾಯಿಯ ಮೇಲೆ ಸೆರಗು ಒತ್ತಿ ಹಿಡಿದಿದ್ದಳು. ಸೆರಗು ತೆಗೆದಾಗ ಮುಂದಿನ ಹಲ್ಲುಗಳಿರಲಿಲ್ಲ. ಮೊಣಕೈಯಿಂದ ಭುಜದವರೆಗೆ ಕಾಸಿದ ಸೌಟಿನ ಬರೆಗಳು, ಕೆಲವು ಒಣಗಿದ್ದವು, ಕೆಲವು ಇನ್ನೂ ಒಸರುತ್ತಿದ್ದವು. ಅಪ್ಪ ಅದನ್ನು ನೋಡಿದವನೇ ತನ್ನ ಹಣೆಯನ್ನು ಕಂಬಕ್ಕೆ ಬಡಿದುಕೊಂಡ. ಅದೇ ಸಂಜೆ ಸೊಲ್ಲಾಪುರದ ಬಸ್ಸು ಹತ್ತಿದ. ತಂಗಿಯ ಗಂಡನನ್ನು ಅವನ ಮನೆಯ ಮೆಟ್ಟಿಲ ಮೇಲೆಯೇ ಕೆಡವಿ ತುಳಿದು ಬಂದನಂತೆ. ಮರಳಿದಾಗ ಅವನ ಅಂಗಿಯ ತೋಳು ಹರಿದಿತ್ತು. ತಂಗಿಯ ಮೇಲಿನ ಪ್ರೀತಿಯನ್ನೂ ಅವನು ಹೊಡೆದೇ ತೋರಿಸಬಲ್ಲವನಾಗಿದ್ದ. ಆಮೇಲೆ ಎರಡೂ ಕಡೆಯ ಹಿರಿಯರು ನಮ್ಮ ಪಡಸಾಲೆಯಲ್ಲಿ ಕೂತರು. ಅಳಿಯನಿಗೂ ಏಟು ಬಿದ್ದಿದೆ, ಮಗಳಿಗೂ ಬಿದ್ದಿದೆ, ಇನ್ನು ಮರ್ಯಾದೆಯಿಂದ ಕಳಿಸಿ ಎಂದರು. ಆ ಮರ್ಯಾದೆ ಎಂಬ ಮಾತು ಅಪ್ಪನ ತಲೆ ಹೊಕ್ಕಿತು. ತಂಗಿ ಬಸ್ಸಿನಿಂದಿಳಿದು ಗಂಟು ಹೊತ್ತು ನಡೆದು ಹೋದದ್ದಕ್ಕೇ ಅವರು ಕೈ ಮಾಡಿದರು, ತವರಿನ ಸ್ವಂತ ಕಾರಿನಿಂದ ಇಳಿದರೆ ಅವಳನ್ನು ಮುಟ್ಟಲು ಅಂಜುತ್ತಾರೆ ಎಂದು ಅವನು ನಿಜವಾಗಿಯೂ ನಂಬಿದ. ಹಾಗೆ ಬಂತು ಆ ಬಿಳಿ ಅಂಬಾಸಡರ್, ಸಿಂಧನೂರಿನ ರೈಸ್ ಮಿಲ್ಲೊಂದರಿಂದ, ಹೊಟ್ಟೆಯ ತುಂಬ ತೌಡಿನ ವಾಸನೆ ತುಂಬಿಕೊಂಡು.

ಅದನ್ನು ಸಜ್ಜು ಮಾಡಿದ ದಿನಗಳು ನಮ್ಮ ಮನೆಯಲ್ಲಿ ಹಬ್ಬದಂತಿದ್ದವು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಹಾಗೇ ಇತ್ತು. ಲಿಂಗಸುಗೂರಿನ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿ ಕಟ್ಟಿಸಿದರು. ಟೈರು ಹೊಸವು, ಹಾರ್ನು ಹೊಸದು. ಒಳಗೆ ಕೂತ ಹೆಣ್ಣುಮಗಳು ದಾರಿಯವರಿಗೆ ಕಾಣಬಾರದೆಂದು ಅವ್ವ ತನ್ನದೊಂದು ಹಸಿರು ಸೀರೆ ಹರಿದು ಕಿಟಕಿಗೆ ಪರದೆ ಹೊಲಿದಳು. ಅಪ್ಪ ತಾನೇ ಪಂಚೆ ಮೇಲೆ ಕಟ್ಟಿ ಕಾರು ತೊಳೆದ. ನಾನು ಸ್ಟೇರಿಂಗ್ ಹಿಡಿದು ಬಾಯಲ್ಲಿ ಸಪ್ಪಳ ಮಾಡುತ್ತಿದ್ದೆ. ಅತ್ತೆ ಮಾತ್ರ ಒಂದು ಮಾತೂ ಆಡದೆ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ಹೊರಡುವ ಹಿಂದಿನ ದಿನ ಅವಳು ಹಿತ್ತಲ ಬಾವಿಯ ಕಡೆ ಓಡಿದಳು. ಅಪ್ಪ ಜಡೆ ಹಿಡಿದು ಎಳೆತಂದು ಕಾಳಿನ ಕೋಣೆಗೆ ಹಾಕಿದ. ಜೀವ ಉಳಿಸಲೆಂದೇ ಹಾಕಿದ್ದು, ಆದರೆ ಎಳೆದ ದಾರಿಯುದ್ದಕ್ಕೂ ಅವಳ ಬಳೆಯ ಚೂರು ಬಿದ್ದಿದ್ದವು.

ಇನ್ನು ಮುಂದಿನದು ನಾನು ಕಣ್ಣಾರೆ ಕಂಡದ್ದು ಎಂದು ನಂಬಿಕೊಂಡು ಬಂದದ್ದು. ಬೆಳಗಿನ ಬಿಸಿಲು. ಕಾರಿನ ಗಾಲಿಗಳ ಕೆಳಗೆ ನಿಂಬೆಹಣ್ಣು, ಗಾಜಿನ ಮೇಲೆ ವಿಭೂತಿಯ ಪಟ್ಟೆ. ಕೂದಲು ಬಿಚ್ಚಿದ ಅತ್ತೆ ಒಳಗಿನಿಂದ ಓಡಿ ಬರುತ್ತಾಳೆ. ತುದಿಗೆ ಕಬ್ಬಿಣದ ಬಳೆ ಇದ್ದ ಒನಕೆಯನ್ನು ಎರಡೂ ಕೈಯಲ್ಲಿ ಎತ್ತಿ ಗಾಜಿನ ಮೇಲೆ ಹಾಕುತ್ತಾಳೆ. ಗಾಜು ಕಲ್ಲುಸಕ್ಕರೆಯಂತೆ ಹರಳು ಹರಳಾಗಿ ಸೀಟಿನ ಮೇಲೆ ಸುರಿಯುತ್ತದೆ. ಅಪ್ಪ ಗೂಟದಿಂದ ಬಾರಕೋಲು ಕೀಳುತ್ತಾನೆ. ಅದು ಗಾಳಿಯನ್ನು ಸೀಳುತ್ತದೆ, ಬೀಳುತ್ತದೆ, ಮತ್ತೆ ಸೀಳುತ್ತದೆ. ಬೇರೆಯವನು ಬರೆ ಹಾಕಿ ಕಳಿಸಿದ ತಂಗಿಯ ಮೈಮೇಲೆ ಇವನೂ ಬರೆ ಎಳೆಯುತ್ತಾನೆ. ಕೊನೆಗೆ ಆಯಿಯ ದನಿ: "ಹೊರಡೂ ಮುಂದ ಕಣ್ಣು ಒಡಕೊಂಡ ಗಾಡಿ ಇದು. ಇದರಾಗ ನನ್ನ ಮಗಳನ್ನ ಕಳಿಸಂಗಿಲ್ಲ." ಬಾರಕೋಲು ನಿಲ್ಲುತ್ತದೆ. ಅತ್ತೆ ಅವತ್ತು ಹೋಗಲಿಲ್ಲ, ಆಮೇಲೆಯೂ ಹೋಗಲಿಲ್ಲ. ಕಾರು ಮಾರಿಹೋಯಿತು, ಸೊಲ್ಲಾಪುರದವನು ಇನ್ನೊಂದು ಮದುವೆಯಾದ. ಈ ಒಂದು ಬೆಳಗಿಗಾಗಿ ನಾನು ಅಪ್ಪನನ್ನು ಅವನು ಸಾಯುವವರೆಗೂ, ಸತ್ತ ಮೇಲೂ, ಕ್ಷಮಿಸಲಿಲ್ಲ.

ಮ್ಯಾಟನ್ನು ಕೆಳಗಿಟ್ಟು ಅಕ್ಕನ ಪಕ್ಕ ಬಂದು ಕೂತೆ. ಅತ್ತೆ ನಾಳೆ ಕಾರು ನೋಡಿ ಗಾಬರಿಯಾದರೆ ಏನು ಮಾಡೋಣ ಎಂದು ಕೇಳಿದೆ. ಆವತ್ತು ಗಾಜು ಒಡೆದವಳು, ಇವತ್ತು ಸುಮ್ಮನೆ ಹತ್ತಿ ಕೂಡುತ್ತಾಳೆಯೇ?

"ಅತ್ತಿ ಎಲ್ಲಿ ಒಡದ್ಲು? ಆಕಿ ಕಾಳಿನ ಕ್ವಾಣ್ಯಾಗ ಇದ್ಲು. ಹೊರಗಿಂದ ಚಿಲಕ ಹಾಕಿದ್ದ ಅಪ್ಪ."

"ಮತ್ತ ಒಡದಾವ್ರು ಯಾರು?"

"ಅವ್ವ."

"ಯಾವ ಅವ್ವ?"

"ನಿನಗ ಎಷ್ಟ್ ಮಂದಿ ಅವ್ವಗೋಳು ಅದಾರೋ?" ಅಕ್ಕ ನಗಲಿಲ್ಲ. "ನಮ್ಮವ್ವನ ಒಡದದ್ದು. ಹೊರಡೂ ಮುಂದ ಗ್ಲಾಸ್ ಒಡದ್ರ ಆಯಿ ಕಳಿಸಂಗಿಲ್ಲ ಅಂತ ಆಕಿಗೆ ಗೊತ್ತಿತ್ತು. ಬಾರಕೋಲಿನ ಏಟು ತಿಂದಾಕಿನೂ ಆಕಿನ. ಒಂದ ಸಲನೂ ಒದರಲಿಲ್ಲ. ಸೆರಗು ಬಾಯಾಗ ತುರುಕಿಕೊಂಡು ನಿಂತಿದ್ಲು."

"ನಾ ಕಣ್ಣಾರೆ ನೋಡೀನಿ, ಅಕ್ಕ."

"ಏನೂ ನೋಡಿಲ್ಲ ನೀ. ನಾ ನಿನ್ನ ಕಣ್ಣು ಮುಚ್ಚಿದ್ದೆ, ಎರಡೂ ಕೈಲೆ. ಬಿಡು ಅಂತ ನನ್ನ ಅಂಗೈ ಕಚ್ಚಿದ್ದಿ, ಮರತೀಯೇನು?"

ಮರೆತಿದ್ದೆ. ಆದರೆ ಅವಳು ಹೇಳಿದ ಕೂಡಲೇ ಬಾಯಲ್ಲಿ ಉಪ್ಪುಪ್ಪಾದ ಅಂಗೈಯ ರುಚಿ ಬಂತು, ಮರುಗಳಿಗೆಯೇ ಆ ರುಚಿಯ ಮೇಲೂ ಅನುಮಾನ ಬಂತು. ಕಲ್ಲುಸಕ್ಕರೆಯಂಥ ಹರಳುಗಳನ್ನು ನಾನು ಆಮೇಲೆ ನೆಲದ ಮೇಲೆ ನೋಡಿರಬಹುದು. ಅತ್ತೆಯ ಬಿಚ್ಚಿದ ಕೂದಲು ಹಿಂದಿನ ದಿನದ್ದಿರಬಹುದು. ಗಾಜು ಒಡೆದ ಸದ್ದು, ಬಾರಕೋಲಿನ ಸದ್ದು, ಆಯಿಯ ಮಾತು, ಇಷ್ಟು ಮಾತ್ರ ಕತ್ತಲಲ್ಲಿ ನನ್ನ ಕಿವಿಗೆ ಬಿದ್ದದ್ದು. ಉಳಿದ ಚಿತ್ರವನ್ನೆಲ್ಲ ನಾನೇ ಬರೆದುಕೊಂಡಿದ್ದೆ, ಮತ್ತು ಆ ಚಿತ್ರದಲ್ಲಿ ಅವ್ವನಿಗೆ ಒಂದು ಮೂಲೆಯನ್ನೂ ಕೊಟ್ಟಿರಲಿಲ್ಲ. ಅಕ್ಕನ ಮಾತೇ ಸರಿ ಎಂದು ಹೇಗೆ ನಂಬಲಿ? ಅವಳೂ ಆಗ ಹುಡುಗಿಯೇ. ಅವ್ವ ತೀರಿಕೊಂಡು ಬಹಳ ವರ್ಷಗಳಾದವು, ಕೇಳಲು ಆಯಿ ಇಲ್ಲ, ಅಪ್ಪ ಇಲ್ಲ. ಆ ಸಂಜೆಯೆಲ್ಲ ನಾನು ಸುಮ್ಮನಿರಲಾರದೆ ಕಾರಿನ ಬಾನೆಟ್ ತೆಗೆಯುವುದು, ಹಾಕುವುದು ಮಾಡುತ್ತಿದ್ದೆ.

ಬೆಳಿಗ್ಗೆ ಅತ್ತೆ ಇಳಕಲ್ ಸೀರೆ ಉಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು, ಕರೆಯುವ ಮೊದಲೇ ಹೊರಗೆ ಬಂದಳು. ಅಕ್ಕ ಕುಂಟುತ್ತ ಗಾಲಿಗಳಿಗೆ ನಿಂಬೆಹಣ್ಣು ಇಡುತ್ತಿದ್ದಳು. ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಅವಳು ಕಾರಿನ ಸುತ್ತ ಒಂದು ಸುತ್ತು ಬಂದು ಮುಂದಿನ ಗಾಜಿಗೆ ಬೆರಳ ಗೆಣ್ಣಿನಿಂದ ಟಕಟಕ ಬಡಿದಳು.

"ಏನೋ ಬಸಪ್ಪ, ಮದಿವಿ ಗಾಡಿ ಮಾಡೀಯಲ್ಲೋ ಇದನ್ನ. ನಮ್ಮಣ್ಣ ಒಡದ್ನಲ್ಲ, ಆ ಗ್ಲಾಸು ಇಷ್ಟ್ ದೊಡ್ಡದಿದ್ದಿಲ್ಲ."

"ಅಪ್ಪ ಒಡದ್ನಾ?"

"ಮತ್ಯಾರು? ತನ್ನ ಗಾಡಿ ತಾನ ಒಡಕೊಂಡ, ನನ್ನ ಕಳಿಸೂದು ಆಗಲಿಲ್ಲ ಅವಗ. ಬಾರಕೋಲು ತಗೊಂಡು ಗಾಡಿನ ಬಡದದ್ದು ಬಡದದ್ದ. ನಾ ಒಳಗ ಕುಂತು ಕೇಳಾಕತ್ತಿದ್ದೆ. ಮನಷ್ಯಾರಾದ್ರ ಒದರತಿದ್ರು, ಅದು ಗಾಡಿ, ಏನ ಮಾಡೀತು?" ಅವಳ ಹಲ್ಲಿಲ್ಲದ ಬಾಯಿ ಹುಡುಗಿಯಂತೆ ಅರಳಿತ್ತು. "ಅಂಥಾ ಅಣ್ಣ ಯಾರಿಗೆ ಸಿಗತಾನ ಹೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ತೋಳನ್ನು ಉಗುರು ಊರುವಂತೆ ಹಿಡಿದು ಗೇಟಿನ ಕಡೆ ಎಳೆದೊಯ್ದಳು. "ಅವ್ವನ ಹಂಗ ಹೇಳ್ಯಾಳ," ಎಂದಳು ಪಿಸುದನಿಯಲ್ಲಿ. "ಚಿಲಕ ತಗದು ಒಳಗ ಹೋಗಿ, ನಿಮ್ಮಣ್ಣ ಗ್ಲಾಸ್ ಒಡದಾರ, ಇನ್ನ ನಿನ್ನ ಕಳಿಸೂದಿಲ್ಲ ಅಂದ್ಲು. ನಾ ಬಾಗಲದಾಗ ನಿಂತು ಕೇಳೀನಿ. ಅಣ್ಣ ಇಟಗೊಂಡಾನ ಅಂದ್ರ ಆಕಿ ಆ ಮನ್ಯಾಗ ತಲಿ ಎತ್ತಿ ಇರ್ತಾಳ. ವೈನಿ ಉಳಿಸಿಕೊಂಡ್ಲು ಅಂದ್ರ ಇರ್ತಿದ್ಲೇನು? ದಾರ್ಯಾಗ ನೀ ಬಾಯಿ ಬಿಡಬ್ಯಾಡ. ಆಕಿಗೆ ಇರೂದು ಅದೊಂದ ಅಣ್ಣ."

ಕಾರು ಮುಂದೆ ಸರಿದಾಗ ನಿಂಬೆಹಣ್ಣುಗಳು ಗಾಲಿಯಡಿ ಪಚ್ಚನೆ ಒಡೆದವು. ಅತ್ತೆ ನನ್ನ ಪಕ್ಕದ ಸೀಟಿನಲ್ಲಿ ಕಾಲು ಮಡಚಿ, ಹುಟ್ಟಿದಾಗಿನಿಂದ ಕಾರಿನಲ್ಲೇ ಬೆಳೆದವಳಂತೆ ಕೂತಿದ್ದಳು. ನಾನು ಸುಮ್ಮನೆ ಅಂಜಿದ್ದೆ. ಅವಳ ಮಟ್ಟಿಗೆ ಕಾರೆಂದರೆ ಅಣ್ಣನ ಪ್ರೀತಿ. ಕಾಲುವೆಯ ನೀರು ಮುಗಿಯುವವರೆಗೆ ಎರಡೂ ಕಡೆ ಭತ್ತದ ಹಸಿರು, ಆಮೇಲೆ ಕರಿಮಣ್ಣಿನ ಬಯಲು. ಎದುರಿನಿಂದ ಹುಲ್ಲು ಹೇರಿದ ಲಾರಿಗಳು ಹಾರ್ನು ಬಡಿಯುತ್ತ ಮೈಮೇಲೆಯೇ ಬರುತ್ತಿದ್ದವು, ನಾನೂ ಬಡಿಯುತ್ತಿದ್ದೆ. ರಸ್ತೆಗೆ ಅಡ್ಡ ಬಂದ ಒಂದು ನಾಯಿ ಕೂದಲೆಳೆಯಲ್ಲಿ ಉಳಿಯಿತು. "ಸಾವಕಾಶ ಹೊಡೀಪ್ಪ, ನಿಮ್ಮಪ್ಪನಂಗ ಮಾಡಬ್ಯಾಡ," ಎಂದಳು ಅತ್ತೆ.

ಮಸ್ಕಿಯಲ್ಲಿ ನಿಲ್ಲಿಸು ಎಂದಳು. ನಮ್ಮ ಮನೆಯಿದ್ದ ಜಾಗದಲ್ಲಿ ಶಟರಿನ ಅಂಗಡಿಗಳ ಸಾಲು ಎದ್ದಿದೆ, ಒಂದರಲ್ಲಿ ಮೊಬೈಲು, ಒಂದರಲ್ಲಿ ಗೊಬ್ಬರ. ಜೆಸಿಬಿ ತಂದು ಒಂದೇ ದಿನದಲ್ಲಿ ಕೆಡವಿದರಂತೆ, ಕಂಬಗಳು ಬೀಳಲು ಒಪ್ಪದೆ ಸರಪಳಿ ಕಟ್ಟಿ ಕಿತ್ತರಂತೆ. ಅತ್ತೆ ಕಿಟಕಿಯಿಂದಲೇ ಕೈ ಚಾಚಿ, ಬಾಗಿಲು ಇಲ್ಲಿತ್ತು, ಒರಳು ಅಲ್ಲಿತ್ತು ಎಂದು ಗಾಳಿಯಲ್ಲಿ ತೋರಿಸಿದಳು. ಆಮೇಲೆ ತಾನಾಗಿಯೇ ಹೇಳಿದಳು:

"ನಿಮ್ಮವ್ವ ಕಡೀತನಕ ನನ್ನ ಕೂಡ ಮನಸ ಬಿಚ್ಚಿ ಮಾತಾಡಲಿಲ್ಲ ನೋಡು. ನಾ ಉಳದದ್ದು ಆಕಿಗೆ ಬ್ಯಾಸರ ಇತ್ತು. ನಮ್ಮಣ್ಣನ ಅಂಜಿಕಿಗೆ ಸುಮ್ನಿದ್ಲು ಪಾಪ."

ಅಕ್ಕನ ಉಗುರಿನ ಗುರುತು ತೋಳಿನ ಮೇಲೆ ಇನ್ನೂ ಇತ್ತು. ಆದರೂ ಬಾಯಿ ಕಟ್ಟಿಕೊಂಡಿರಲು ನನ್ನಿಂದ ಆಗಲಿಲ್ಲ. ಕಾರನ್ನು ಮತ್ತೆ ರಸ್ತೆಗೆ ಹಾಕಿ, ಅವಳ ಮುಖ ನೋಡದೆ, ಗಾಜು ಒಡೆದವಳು ಅವ್ವ ಎಂದು ಹೇಳಿಬಿಟ್ಟೆ. ಬಾರಕೋಲು ಬಿದ್ದದ್ದು ಗಾಡಿಯ ಮೇಲಲ್ಲ ಎಂದೂ ಹೇಳಿದೆ.

ಅತ್ತೆ ಜೋರಾಗಿ ನಕ್ಕಳು. "ಹುಚ್ಚ. ನಿಮ್ಮವ್ವ? ಆಕಿ ಹಲ್ಲಿ ಹೊಡೀಬೇಕಂದ್ರ ನನ್ನ ಕರೀತಿದ್ಲು. ನಿನಗೇನು ಗೊತ್ತು, ಚಡ್ಡಿ ಹಾಕ್ಕೊಳಾಕ ಬರ್ತಿದ್ದಿಲ್ಲ ಅವಾಗ ನಿನಗ."

ಇತಿಹಾಸದ ತರಗತಿಯಲ್ಲಿ ಬೇರೆ ಯಾರ ಸಾಕ್ಷಿಯನ್ನಾದರೂ ನಾನು ತಳ್ಳಿಹಾಕುವುದು ಇದೇ ಮಾತಿನಿಂದ. ಆ ಬೆಳಗಿನಲ್ಲಿ ಕಣ್ಣು ಮುಚ್ಚಿಸಿಕೊಂಡು ನಿಂತಿದ್ದವನು ನಾನು. ಅವ್ವ ಹೇಗೆ ಬಯಸಿದ್ದಳೋ ಹಾಗೆಯೇ, ಅವಳು ಮಾಡಿದ್ದು ಅವಳ ಹೆಸರಿಗೆ ಹತ್ತದೆ ಉಳಿಯುತ್ತದೆ ಎಂದುಕೊಂಡೆ. ಅತ್ತೆ ಕಿಟಕಿಯ ಕಡೆ ತಿರುಗಿದಳು. ಬಯಲು, ಕಲ್ಲುಗುಡ್ಡ, ಒಣಗಿದ ತೊಗರಿಯ ಹೊಲಗಳು ಹಿಂದೆ ಓಡಿದವು. ಲಿಂಗಸುಗೂರಿನ ಬಸ್ ನಿಲ್ದಾಣ ದಾಟಿತು. ಊರು ಮುಗಿದು ರಸ್ತೆ ಬರಿದಾದಾಗ ಅವಳು ನನ್ನ ಕಡೆ ನೋಡದೆಯೇ ಮಾತಾಡಿದಳು.

"ಅವತ್ತ ಸಂಜೀಕ ನಿಮ್ಮವ್ವನ ಬೆನ್ನಿಗೆ ನಾನ ಎಣ್ಣಿ ಅರಿಷಿಣ ಹಚ್ಚಿದ್ದೆ. ಕುಬಸ ರಕ್ತಕ್ಕ ಅಂಟಿಬಿಟ್ಟಿತ್ತು, ನೀರು ಹಾಕಿ ಬಿಡಿಸಿದೆ. ಯಾಕ ಹಿಂಗ ಹೊಡದಾನ ವೈನಿ ಅಂತ ಕೇಳಿದೆ. ಸಾರಿಗೆ ಉಪ್ಪು ಹೆಚ್ಚಾಗಿತ್ತು ಅಂದ್ಲು."

ಅವಳ ಕೈ ತೊಡೆಯ ಮೇಲಿನ ಸೆರಗನ್ನು ಹಿಂಡುತ್ತಿತ್ತು, ಬಿಡುತ್ತಿತ್ತು.

"ಬಸಪ್ಪ, ಅವತ್ತ ಮನ್ಯಾಗ ಸಾರ ಮಾಡಿದ್ದಿಲ್ಲೋ. ದಾರಿಗಂತ ನನಗ ಕಟ್ಟಿದ ಬುತ್ತಿ ಬಿಚ್ಚಿ ಎಲ್ಲಾರೂ ಅದನ್ನ ತಿಂದ್ವಿ."

ಆಮೇಲೆ ಬೆಳಗಾವಿ ಮುಟ್ಟುವವರೆಗೆ ಅವಳು ಅಣ್ಣನ ಮಾತು ಎತ್ತಲಿಲ್ಲ, ಅವ್ವನ ಮಾತನ್ನೂ ಎತ್ತಲಿಲ್ಲ. ನಾನು ಗಾಡಿ ಓಡಿಸುತ್ತ ಆ ಊಟವನ್ನು ಹುಡುಕುತ್ತಿದ್ದೆ. ಪಡಸಾಲೆಯಲ್ಲಿ ಸಾಲಾಗಿ ಕೂತ ನಾವು, ಅಪ್ಪ, ಆಯಿ, ಚಿಲಕ ತೆಗೆಸಿಕೊಂಡು ಹೊರಗೆ ಬಂದ ಅತ್ತೆ. ಅಂಗಳದಲ್ಲಿ ಇನ್ನೂ ಗುಡಿಸದ ಗಾಜು. ಬೆನ್ನು ಬಗ್ಗಿಸಲಾಗದೆಯೂ ಬಗ್ಗಿ, ಒಬ್ಬೊಬ್ಬರ ತಾಟಿಗೂ ಬುತ್ತಿಯ ಹೋಳಿಗೆ ಹಾಕುತ್ತ ಮುಂದೆ ಮುಂದೆ ಸಾಗಿದ ಅವ್ವ. ಹೀಗೇ ಇದ್ದಿರಬೇಕು. ನನ್ನ ತಾಟಿಗೂ ಹಾಕಿರಬೇಕು, ನಾನು ತಲೆಯೆತ್ತಿ ಅವಳನ್ನು ನೋಡಿರಬೇಕು. ಅಕ್ಕನ ಕೈ ಆಗ ನನ್ನ ಕಣ್ಣಿನ ಮೇಲಿರಲಿಲ್ಲ. ಆದರೂ ಅದೊಂದು ನನಗೆ ನೆನಪಿಲ್ಲ.